ಮೀಟರು ತಿರುಗಿದ ಕಡೆ ಊಟ

ಒಳ್ಳೆಯ ಹೋಟೆಲನ್ನು ಗುರುತಿಸುವುದು ಹೇಗೆ ಎಂಬ ವಿಷಯದಲ್ಲಿ ಲೋಕದಲ್ಲಿ ಒಮ್ಮತವಿಲ್ಲ. ಕೆಲವರು ಬೋರ್ಡು ನೋಡುತ್ತಾರೆ. ಕೆಲವರು ಮುಂದೆ ನಿಂತ ಲಾರಿಗಳನ್ನು ನೋಡುತ್ತಾರೆ. ನನ್ನ ಅಣ್ಣನಂಥವರು ಫೋನು ತೆಗೆದು, ಯಾರು ಎಷ್ಟು ನಕ್ಷತ್ರ ಕೊಟ್ಟಿದ್ದಾರೆ ಎಂದು ನೋಡುತ್ತಾರೆ. ನಮ್ಮ ಮನೆಯವರು ಮಾತ್ರ ಸೀದಾ ಹೋಟೆಲಿನ ಹಿಂಬದಿಗೆ ಹೋಗಿ, ಮುಸುರೆ ತಿಕ್ಕುವ ಜಾಗದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಟಾರ್ಚು ಬಿಟ್ಟು ನೀರಿನ ಮೀಟರು ನೋಡುತ್ತಾರೆ.

ಅವರ ಉದ್ಯೋಗವೇ ಅದು. ನಮ್ಮೂರಿನ ನೀರು ಸರಬರಾಜು ಕಚೇರಿಯಲ್ಲಿ ಮನೆಮನೆಯ ಮೀಟರು ಓದುವ ಕೆಲಸ. ಗೋಡೆಯ ಬುಡದಲ್ಲಿ, ಚರಂಡಿಯ ಅಂಚಿನಲ್ಲಿ, ಹೂಕುಂಡದ ಹಿಂದೆ ಬಗ್ಗಿ ಬಗ್ಗಿ ಅವರ ಸೊಂಟ ಹೇಗೆ ಬಾಗಿದೆಯೋ ಬುದ್ಧಿಯೂ ಹಾಗೇ ಒಂದು ಕಡೆಗೆ ಬಾಗಿದೆ. ಅವರ ಸಿದ್ಧಾಂತ ಇಷ್ಟು. ಮೀಟರಿನ ಚಕ್ರ ಜೋರಾಗಿ ತಿರುಗುತ್ತಿದ್ದರೆ ಒಳಗೆ ತಟ್ಟೆ ತೊಳೆಯುತ್ತಿದ್ದಾರೆ. ತಟ್ಟೆ ತೊಳೆಯುತ್ತಿದ್ದರೆ ಜನ ಉಣ್ಣುತ್ತಿದ್ದಾರೆ. ಜನ ಉಣ್ಣುತ್ತಿದ್ದರೆ ಅಡುಗೆ ಚೆನ್ನಾಗಿದೆ. ಮನುಷ್ಯರು ಸುಳ್ಳು ಹೇಳುತ್ತಾರೆ, ನಕ್ಷತ್ರಗಳಂತೂ ಹೇಳಿಯೇ ಹೇಳುತ್ತವೆ, ಆದರೆ ಮೀಟರಿಗೆ ಸುಳ್ಳು ಹೇಳಲು ಬಾಯಿಯೇ ಇಲ್ಲ ಎನ್ನುವುದು ಅವರ ವಾದ.

ನಮ್ಮೂರಿನಲ್ಲಿ ಇದರಿಂದ ಯಾರಿಗೂ ಹಾನಿಯಾಗಿರಲಿಲ್ಲ. ಎಲ್ಲರಿಗೂ ಅವರ ಪರಿಚಯ. ಹೋಟೆಲಿನವರೊಬ್ಬರಂತೂ ಅವರಿಗಾಗಿಯೇ ಮೀಟರಿನ ಹತ್ತಿರ ಒಂದು ಮುರಿದ ಸ್ಟೂಲು ಹಾಕಿಸಿದ್ದರು. ತೊಂದರೆ ಶುರುವಾದದ್ದು ಈ ಸಿದ್ಧಾಂತ ಪ್ರವಾಸಕ್ಕೆ ಹೊರಟಾಗ.

ದೂರದ ಒಂದು ಕೆರೆಯ ದಡದಲ್ಲಿ ಟೆಂಟು ಹಾಕಿ ಎರಡು ದಿನ ಇದ್ದು ಬರೋಣ ಎಂದು ಅಣ್ಣ ಏರ್ಪಾಡು ಮಾಡಿದ್ದ. ಒಲೆ, ಪಾತ್ರೆ, ಅಕ್ಕಿ, ಬೇಳೆ, ಸಕ್ಕರೆ ಎಲ್ಲ ಅಣ್ಣ ಅತ್ತಿಗೆಯ ಕಾರಿನಲ್ಲಿ. ಟೆಂಟು, ಗೂಟ, ಹಾಸಿಗೆ ನಮ್ಮ ಕಾರಿನಲ್ಲಿ. ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣುವ ಹಾಗಿಲ್ಲ, ಮಲಗುವ ಹಾಗೂ ಇಲ್ಲ ಎಂದು ನಾನೇ ಯೋಚಿಸಿ ಹಾಗೆ ಹಂಚಿದ್ದೆ. ಬೀಗರು ಹೊಂದಿಕೊಂಡು ಹೋಗಲಿ ಎಂಬ ಆಸೆ.

ಹೊಂದಾಣಿಕೆ ಊರಾಚೆಯ ಮೊದಲ ಕವಲಿನವರೆಗೆ ಬಾಳಿತು. ಅಣ್ಣ ಹೊಸ ಹೆದ್ದಾರಿಯಲ್ಲಿ ಹೋಗೋಣ, ಅಲ್ಲಿ ಐದು ನಕ್ಷತ್ರದ ಊಟ ಸಿಗುತ್ತದೆ ಎಂದ. ನಮ್ಮವರು, ನಿಜವಾದ ರುಚಿ ಹಳೆಯ ರಸ್ತೆಯಲ್ಲಿದೆ, ಬೇಕಾದರೆ ಸಂಜೆ ಕೆರೆಯ ಹತ್ತಿರ ಯಾರ ಹೊಟ್ಟೆ ಹೇಗಿದೆ ಎಂದು ನೋಡಿಬಿಡೋಣ ಎಂದರು. "ಭಾವ, ಹೊಟ್ಟೆ ಇರ್ಲಿ, ನಿಮ್ಮಮ್ಮನ ಊಟದ ಹೊತ್ತು ಮಾತ್ರ ತಪ್ಪಿಸಬೇಡಿ," ಎಂದ ಅಣ್ಣ. ಅವನು ಔಷಧಿ ಅಂಗಡಿ ಇಟ್ಟವನು. ನಮ್ಮವರು ಹಳೆಯ ರಸ್ತೆಗೆ ಕಾರು ತಿರುಗಿಸಿದರು.

ಅಣ್ಣ ಹೇಳಿದ್ದರಲ್ಲಿ ಅರ್ಥವಿತ್ತು. ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತಾರೆ. ಚುಚ್ಚಿಕೊಂಡ ಮೇಲೆ ಉಣ್ಣದೆ ಇದ್ದರೆ ಮೈಯಲ್ಲಿನ ಸಕ್ಕರೆ ಇಳಿದು ಜೀವಕ್ಕೇ ಅಪಾಯ ಎಂದು ಡಾಕ್ಟರು ನನ್ನನ್ನು ಬೇರೆಯಾಗಿ ಕೂರಿಸಿ ಹೇಳಿದ್ದರು. ಅದಕ್ಕೇ ನಾನು ಬುತ್ತಿ ಕಟ್ಟಿದ್ದೆ. ಹೊರಡುವಾಗ ನಮ್ಮವರು ಅದನ್ನು ಎತ್ತಿ ಅಡುಗೆಮನೆಯಲ್ಲೇ ಇಟ್ಟರು. ಬುತ್ತಿ ಹೊತ್ತುಕೊಂಡು ರುಚಿ ಹುಡುಕಲು ಹೋಗುವುದು ಕೊಡೆ ಹಿಡಿದು ಸ್ನಾನ ಮಾಡಿದ ಹಾಗಂತೆ. ನಾನು ವಾದಕ್ಕೆ ಹೋಗದೆ ಕೈಚೀಲದ ತಳದಲ್ಲಿ ಒಂದು ಪೊಟ್ಟಣ ಬಿಸ್ಕತ್ತು, ಒಂದು ಚಾಕೊಲೇಟು ಇಟ್ಟುಕೊಂಡೆ.

ಅತ್ತೆ ಹಿಂದಿನ ಸೀಟಿನಲ್ಲಿ ನಮ್ಮ ಮಗಳು ಪುಟ್ಟಿಯ ಪಕ್ಕ ಕೂತು ದಾರಿಯುದ್ದಕ್ಕೂ ಮಗನನ್ನು ಬೈಯುತ್ತಿದ್ದರು. ಮಂಕುದಿಣ್ಣೆ ಎನ್ನುವುದು ಅವರು ಮಗನಿಗೆ ಇಟ್ಟ ಹೆಸರು. ಬೇರೆ ಮನೆಗಳಲ್ಲಿ ಕಾರು ಹೊರಟರೆ ರೇಡಿಯೋ ಹಾಕುತ್ತಾರೆ, ನಮ್ಮಲ್ಲಿ ಅತ್ತೆ ಇದ್ದರು. ನನಗೆ ಅದು ಅಭ್ಯಾಸವಾಗಿ, ಅದರ ಏರಿಳಿತದಲ್ಲೇ ಅವರ ಆರೋಗ್ಯ ಹೇಗಿದೆ ಎಂದು ತಿಳಿಯುತ್ತಿತ್ತು.

ಬೆಳಗಿನ ತಿಂಡಿಗೆ ನಿಲ್ಲಿಸಿದ ಹೋಟೆಲಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ನಮ್ಮವರು ಇಳಿದು ಹಿಂದಕ್ಕೆ ಹೋದರು. ಮೋಡ ಹಾಕಿತ್ತು, ಆದ್ದರಿಂದ ಕಚೇರಿಯ ಹಳದಿ ಮಳೆಕೋಟು ತೊಟ್ಟಿದ್ದರು. ಕ್ಯಾಂಪಿಗೆ ಇದಕ್ಕಿಂತ ಗಟ್ಟಿಯಾದದ್ದು ಯಾವುದಿದೆ ಎಂದು ಹಿಂದಿನ ದಿನವೇ ಹೊಗಳಿಕೊಂಡಿದ್ದರು. ಬೆನ್ನಿನ ಮೇಲೆ "ನೀರು ಸರಬರಾಜು" ಎಂದು ದಪ್ಪ ಅಕ್ಷರ. ಸೊಂಟದಲ್ಲಿ ಮೀಟರು ಪೆಟ್ಟಿಗೆ ತೆರೆಯುವ ಕೀಲಿ, ಕೈಯಲ್ಲಿ ಟಾರ್ಚು. ಸ್ವಲ್ಪ ಹೊತ್ತಿಗೆ ಮುಖ ಅರಳಿಸಿಕೊಂಡು ಬಂದರು. ಚಕ್ರ ಬುಗುರಿಯ ಹಾಗೆ ತಿರುಗುತ್ತಿದೆಯಂತೆ, ಇಂಥ ಓಟ ಸೇವೆಗೆ ಸೇರಿದ ಮೇಲೆ ನೋಡಿಲ್ಲವಂತೆ.

ತಿಂಡಿ ಬಂತು. ಬ್ರೆಡ್ಡು ಚಪ್ಪಲಿಯ ಹಾಗಿತ್ತು. ಮೊಟ್ಟೆಯನ್ನು ಪುಟ್ಟಿ ಚಮಚದಿಂದ ತಟ್ಟಿದಳು, ಅದು ತಿರುಗಿ ಸದ್ದು ಮಾಡಿತು. ಅತ್ತೆ ಗಂಜಿಯನ್ನು ಹೇಗೋ ನುಂಗಿ, ಇದನ್ನು ತಿಂದ ಮೇಲೆ ಸೂಜಿಗೇ ತಮ್ಮ ಮೇಲೆ ಕರುಣೆ ಬಂದಿರುತ್ತದೆ ಎಂದರು. ಕೈ ತೊಳೆಯಲು ಹೋದಾಗ ನಾನು ನೋಡಿದೆ: ತೊಟ್ಟಿಯ ಕೆಳಗೆ ಪೈಪು ಒಡೆದು ನೀರು ಹೊಳೆಯಾಗಿ ಹಿತ್ತಲಿಗೆ ಹರಿಯುತ್ತಿತ್ತು. ಚಕ್ರ ತಿರುಗುತ್ತಿದ್ದದ್ದು ಅದಕ್ಕೆ. ನಮ್ಮವರಿಗೆ ಹೇಳಿದೆ. ಅವರು ಅದನ್ನು ಅಪವಾದ ಎಂದು ಕರೆದರು. ಅಪವಾದವಿಲ್ಲದ ಸಿದ್ಧಾಂತ ಇಲ್ಲವಂತೆ.

ಹೋಟೆಲಿನ ಮಾಲೀಕರು ಕಾರಿನವರೆಗೂ ಬಂದು ಕೈಮುಗಿದು ನಿಂತರು. ದುಡ್ಡು ಕೊಡಲು ಹೋದರೆ ಬೆಂಕಿ ಮುಟ್ಟಿದವರ ಹಾಗೆ ಹಿಂದೆ ಸರಿದರು. ನಮ್ಮವರು ಅವರ ಹೆಗಲು ತಟ್ಟಿ, ಪೈಪು ಬೇಗ ಸರಿಮಾಡಿಸಿ ಎಂದು ಬುದ್ಧಿ ಹೇಳಿದರು. ಹಳೆಯ ರಸ್ತೆಯ ಜನಕ್ಕೆ ಎಂಥ ಅತಿಥಿ ಸತ್ಕಾರ ನೋಡು ಎಂದು ದಾರಿಯಲ್ಲಿ ನನಗೆ ಹೇಳಿದರು. ನಾವು ತಿರುವು ದಾಟುವ ಮೊದಲೇ ಆ ಮಾಲೀಕರು ಮುಂದಿನ ಹೋಟೆಲಿಗೆ ಫೋನು ಹಚ್ಚಿದ್ದರು ಎಂಬುದು ನಮಗೆ ತಿಳಿದದ್ದು ಸಂಜೆ.

ಮಧ್ಯಾಹ್ನದ ಹೊತ್ತಿಗೆ ದಾರಿಯ ಎಡಕ್ಕೆ ಇನ್ನೊಂದು ಹೋಟೆಲು ಕಂಡಿತು. ಕಾಣುವ ಮೊದಲೇ ಮೂಗಿಗೆ ತಾಗಿತ್ತು. ಈರುಳ್ಳಿ ಹುರಿಯುವ ವಾಸನೆ ಕಾರಿನ ಗಾಜು ಏರಿಸಿದ್ದರೂ ಒಳಗೆ ಬಂತು. ಒಳಗೆ ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿಕೊಂಡು ಉಣ್ಣುತ್ತಿದ್ದರು. ಪುಟ್ಟಿ ಅಷ್ಟು ಹೊತ್ತಿಗೆ ಬಿಸ್ಕತ್ತಿನ ಪೊಟ್ಟಣ ಮುಗಿಸಿದ್ದರೂ ಮೊದಲು ಇಳಿದಳು. ಅತ್ತೆಯ ಮುಖವೂ ಬೆಳಗಿತು. "ಇಳೀತಿದ್ದ ಹಾಗೇ ಊಟ ಅಮ್ಮ," ಎಂದು ಹೇಳಿ ನಮ್ಮವರು ಟಾರ್ಚು ಹಿಡಿದು ಹಿಂದಕ್ಕೆ ನಡೆದರು.

ಅವರು ಬರುವಾಗ ತಲೆ ಅಲ್ಲಾಡಿಸುತ್ತಿದ್ದರು.

"ನಡೀರಿ, ಇಲ್ಲಿ ಬೇಡ. ಚಕ್ರ ಅಲ್ಲಾಡ್ತಾನೇ ಇಲ್ಲ."

"ರೀ, ಒಳಗೆ ನಿಲ್ಲೋಕೂ ಜಾಗ ಇಲ್ಲದಷ್ಟು ಜನ ಉಣ್ತಿದ್ದಾರೆ."

"ಹೊರಗಿಂದ ನೋಡಿದ್ರೆ ಹಾಗೆ ಕಾಣುತ್ತೆ."

ನಾನು ಉಣ್ಣುತ್ತಿರುವ ದಪ್ಪ ಮನುಷ್ಯರೊಬ್ಬರನ್ನು ತೋರಿಸಿ, ಅವರು ಹೊರಗಿಂದ ಮಾತ್ರ ಉಣ್ಣುತ್ತಿದ್ದಾರೆಯೇ ಎಂದು ಕೇಳಿದೆ. ನಮ್ಮವರು ಬಹಳ ಹೊತ್ತು ಆ ಮನುಷ್ಯರನ್ನೇ ನೋಡಿದರು. ಹಳದಿ ಕೋಟಿನವರೊಬ್ಬರು ಬಾಗಿಲಲ್ಲಿ ನಿಂತು ತಮ್ಮನ್ನೇ ದಿಟ್ಟಿಸುವುದನ್ನು ಕಂಡು ಆ ಮನುಷ್ಯರು ತಟ್ಟೆ ಬಿಟ್ಟು ಎದ್ದರು.

ವಿಷಯ ಏನೆಂದರೆ, ಆ ಹೋಟೆಲಿನವರು ಮೀಟರಿಗೆ ಸೋಕದ ಹಾಗೆ ಇನ್ನೊಂದು ಪೈಪು ಎಳೆದುಕೊಂಡಿದ್ದರು. ಜನ್ಮವೆಲ್ಲ ಮೀಟರು ನೋಡಿದ ನಮ್ಮವರು ಆ ಪೈಪಿನ ಮೇಲೇ ಕೈಯೂರಿ ಕೂತಿದ್ದರಂತೆ. ರಜೆಯ ದಿನ ಅವರ ಕಣ್ಣಿಗೆ ಚಕ್ರ ಬಿಟ್ಟು ಬೇರೇನೂ ಬೀಳುವುದಿಲ್ಲ. ಮಾಲೀಕರಿಗೆ ಇದು ಹೇಗೆ ತಿಳಿಯಬೇಕು. ಮೊದಲಿನ ಹೋಟೆಲಿನ ಫೋನು ಬಂದಿತ್ತು, ಈಗ ಕಳ್ಳ ಪೈಪನ್ನು ಮುಟ್ಟಿ ನೋಡಿಯೂ ಒಂದು ಮಾತಾಡದೆ ಎದ್ದು ಹೋದ ಅಧಿಕಾರಿಯನ್ನು ಕಣ್ಣಾರೆ ಕಂಡರು. ಬೈಯುವ ಅಧಿಕಾರಿಯನ್ನು ಸಂಭಾಳಿಸಬಹುದು, ಸುಮ್ಮನಿರುವವನನ್ನು ಯಾವ ದೇವರೂ ಸಂಭಾಳಿಸಲಾರ. ನಾನು ನಮ್ಮವರ ತೋಳು ಹಿಡಿದು ಒಳಗೆ ಎಳೆಯುವಷ್ಟರಲ್ಲಿ ಮಾಲೀಕರು ಎಬ್ಬಿಸಿ ಕಳಿಸಿದ್ದರಿಂದ ಉಣ್ಣುತ್ತಿದ್ದವರೆಲ್ಲ ಹೊರಗೆ ಬರತೊಡಗಿದರು, ಕೆಲವರ ಕೈಯಲ್ಲಿ ಇನ್ನೂ ತಟ್ಟೆಯಿತ್ತು. ಹಿತ್ತಲಿನಿಂದ ಅಡುಗೆಯವನು ಉದ್ದದ ಪೈಪನ್ನು ಕಂಕುಳಲ್ಲಿ ಇರುಕಿಕೊಂಡು ಹೊಲದ ಕಡೆಗೆ ಓಡಿದ. ಶಟರು ದಡಾರನೆ ಬಿತ್ತು.

"ನೋಡಿದ್ಯಾ, ಎಲ್ಲ ಎದ್ದು ಹೋದರು," ಎಂದರು ನಮ್ಮವರು. "ಮೀಟರಿಗೆ ಮೊದಲೇ ಗೊತ್ತಿತ್ತು."

ಕಾರಿಗೆ ಬಂದು ಕೂತಾಗ ಅತ್ತೆಯ ಮಡಿಲಲ್ಲಿ ಒದ್ದೆ ಹತ್ತಿಯ ತುಂಡು ಕಂಡಿತು. ಸೂಜಿ ಚುಚ್ಚಿಕೊಂಡಿದ್ದರು. ಮಗ ಇಳಿಯುತ್ತಿದ್ದ ಹಾಗೆ ಊಟ ಎಂದಿದ್ದ, ವಾಸನೆಯೂ ಬಂದಿತ್ತು, ತಪ್ಪು ಹೇಗೆ ಹೇಳಲಿ.

"ರೀ, ಅತ್ತೆ ಸೂಜಿ ತಗೊಂಡಿದ್ದಾರೆ. ಮುಂದೆ ಸಿಕ್ಕಿದ ಕಡೆ ನಿಲ್ಸಿ. ಮೀಟರು ಗೀಟರು ನೋಡೋ ಹಾಗಿಲ್ಲ."

ನಮ್ಮವರ ಮುಖದ ಬಣ್ಣ ಇಳಿಯಿತು. ನಿಲ್ಲಿಸ್ತೀನಿ ಎಂದರು. ಅತ್ತೆ, ಈ ಮಂಕುದಿಣ್ಣೆ ಹುಟ್ಟಿದಾಗ ಸೂಲಗಿತ್ತಿ ಬೆನ್ನು ತಟ್ಟಿ ಮೊದಲು ಅಳಿಸಿದ್ದು ಮಗುವನ್ನಲ್ಲ, ಹೆತ್ತ ತನ್ನನ್ನು ಎಂದು ಶುರುಮಾಡಿದರು. ಬೈಗುಳ ಗಟ್ಟಿಯಾಗಿಯೇ ಇತ್ತು. ನನಗೆ ತುಸು ಧೈರ್ಯವಾಯಿತು.

ಮುಂದಿನ ಹೋಟೆಲು ಮುಚ್ಚಿತ್ತು. ಬಾಗಿಲಿಗೆ "ಇಂದು ರಜೆ" ಎಂದು ಸೀಮೆಸುಣ್ಣದಲ್ಲಿ ಬರೆದು ಮುಗಿಸುವಷ್ಟು ಪುರಸೊತ್ತು ಇರದೆ "ಇಂದು ರ" ಎಂದು ನಿಲ್ಲಿಸಿದ್ದರು. ಹೊಗೆಗೂಡಿನಿಂದ ಹೊಗೆ ಬರುತ್ತಲೇ ಇತ್ತು. ಅದರ ಮುಂದಿನದೂ ಮುಚ್ಚಿತ್ತು. ಹೊರಗಿನ ಮೆಟ್ಟಿಲ ಮೇಲೆ ಯಾರೋ ಅರ್ಧ ಕುಡಿದ ಚಹಾದ ಲೋಟ ಆವಿಯಾಡುತ್ತಿತ್ತು. ನಾನು ನಾಚಿಕೆ ಬಿಟ್ಟು ಅದನ್ನೇ ಎತ್ತಿಕೊಳ್ಳಲು ಕೈಚಾಚಿದೆ, ಶಟರಿನ ಕೆಳಗಿನಿಂದ ಒಂದು ಕೈ ಬಂದು ಲೋಟವನ್ನು ಒಳಗೆ ಎಳೆದುಕೊಂಡಿತು. ಬೀದಿಬದಿಯ ದಿನಸಿ ಅಂಗಡಿಯವರಿಗೂ ಸುದ್ದಿ ಮುಟ್ಟಿತ್ತು. ನಮ್ಮ ಕಾರು ಮುಂದಕ್ಕೆ ಹೋದ ಹಾಗೆಲ್ಲ ಊರು ಕಣ್ಣುಮುಚ್ಚಾಲೆ ಆಡುವ ಮಕ್ಕಳ ಹಾಗೆ ಬಾಗಿಲು ಹಾಕಿಕೊಳ್ಳುತ್ತಿತ್ತು.

ಈ ಕಡೆಯವರಿಗೆ ಇವತ್ತು ವಾರದ ರಜೆ ಇರಬೇಕು ಎಂದು ನಮ್ಮವರು ಊಹಿಸಿದರು. ಧ್ವನಿಯಲ್ಲಿ ಮೊದಲಿನ ಭರವಸೆ ಇರಲಿಲ್ಲ.

ನಾನು ಚಾಕೊಲೇಟು ತೆಗೆಯೋಣ ಎಂದು ಕೈಚೀಲದ ತಳಕ್ಕೆ ಕೈಹಾಕಿದೆ. ಖಾಲಿ ಕಾಗದ ಸಿಕ್ಕಿತು, ನೀಟಾಗಿ ಮಡಿಸಿಟ್ಟದ್ದು. ಪುಟ್ಟಿಯ ಕಡೆ ನೋಡಿದೆ. ಅವಳು ತನ್ನ ಕೊರಳು ಮುಟ್ಟಿಕೊಂಡು ತಾನಲ್ಲ ಎಂದಳು. ಅತ್ತೆ ಕಿಟಕಿಯಾಚೆ ನೋಡಿದರು.

"ಬೆಳಿಗ್ಗೆ ಆ ಗಂಜಿ ತಿಂದ ಮೇಲೆ ಬಾಯಿ ಕೆಟ್ಟು ಹೋಗಿತ್ತು ಕಣೇ," ಎಂದರು ಮೆಲ್ಲಗೆ.

ಸಕ್ಕರೆ ಕಾಯಿಲೆಯವರ ಕಣ್ಣಿಗೆ ಸಿಗದ ಹಾಗೆ ಚಾಕೊಲೇಟು ಬಚ್ಚಿಡಬಲ್ಲ ಸೊಸೆ ಇನ್ನೂ ಹುಟ್ಟಿಲ್ಲ. ಅಣ್ಣನಿಗೆ ಫೋನು ಮಾಡಿದೆ. ಅವನ ಹೆದ್ದಾರಿಗೂ ನಮ್ಮ ರಸ್ತೆಗೂ ನಡುವೆ ಒಂದು ಗುಡ್ಡವೇ ಇತ್ತು. ಏನಾದರೂ ಸಿಹಿ ಕೊಡು, ಎಚ್ಚರವಾಗಿ ಮಾತಾಡಿಸ್ತಾ ಇರು, ಮಾತು ನಿಲ್ಲಿಸೋಕೆ ಬಿಡಬೇಡ ಎಂದ. ನಮ್ಮತ್ತೆಗೆ ಮಾತು ನಿಲ್ಲಿಸಬೇಡಿ ಎಂದು ಹೇಳುವ ದಿನ ಬರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆದರೆ ಅತ್ತೆಯ ಮಾತು ತೆಳ್ಳಗಾಗುತ್ತಿತ್ತು. ಮದುವೆಯ ದಿನ ಮಗ ಮಾಡಿದ ಎಡವಟ್ಟನ್ನು ಹೇಳುತ್ತಾ ಅರ್ಧಕ್ಕೆ ಬಿಟ್ಟರು. ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡರು, ಮತ್ತೆ ಬೆವೆತಿತು. ಕೈ ಹಿಡಿದುಕೊಂಡೆ, ಬೆರಳು ನಡುಗುತ್ತಿತ್ತು. ಪುಟ್ಟಿ ಅಪ್ಪನ ತಪ್ಪುಗಳನ್ನು ಒಂದೊಂದಾಗಿ ನೆನಪು ಮಾಡಿಕೊಟ್ಟು ಅಜ್ಜಿಯನ್ನು ಬೈಗುಳಕ್ಕೆ ಎಳೆಯಲು ನೋಡಿದಳು. ಅಪ್ಪ ಛತ್ರಿ ಅಂದ್ಕೊಂಡು ಪಕ್ಕದ ಮನೆಯವರ ಊರುಗೋಲು ತಗೊಂಡು ಹೋಗಿದ್ದು ನೆನಪಿದ್ಯಾ ಅಜ್ಜಿ ಎಂದಳು. ಅಜ್ಜಿ ನಕ್ಕು ಸುಮ್ಮನಾದರು.

ಆಮೇಲೆ ಮುಂದಕ್ಕೆ ಬಾಗಿ, ಕಾರು ಓಡಿಸುತ್ತಿದ್ದ ಮಗನ ಹೆಗಲ ಮೇಲೆ ಕೈಯಿಟ್ಟು, "ನಿಧಾನಕ್ಕೆ ಓಡ್ಸು ಬಂಗಾರ," ಎಂದರು.

ಕಾರು ಒಮ್ಮೆ ರಸ್ತೆಯ ಪಕ್ಕಕ್ಕೆ ಜಾರಿ ಮತ್ತೆ ದಾರಿಗೆ ಬಂತು. ಹುಟ್ಟಿದಾಗಿನಿಂದ ಅಮ್ಮನ ಬಾಯಲ್ಲಿ ಆ ಮಾತು ಕೇಳಿರದ ಮನುಷ್ಯ. ಕನ್ನಡಿಯಲ್ಲಿ ಅವರ ಕಣ್ಣು ಕಂಡೆ. ಆ ಕ್ಷಣದಿಂದ ಅವರಿಗೆ ಲೋಕದಲ್ಲಿ ಮೀಟರು ಎಂಬ ವಸ್ತು ಇರಲಿಲ್ಲ.

ನಾಲ್ಕು ರಸ್ತೆ ಕೂಡುವ ಕಡೆ ಒಂದು ಚಿಕ್ಕ ಹೋಟೆಲು, ಒಂದು ಕ್ಷೌರದಂಗಡಿ, ಒಂದು ಪಂಕ್ಚರ್ ಅಂಗಡಿ ಇದ್ದವು. ಹೋಟೆಲಿನ ಶಟರು ಮೊಣಕಾಲಿನ ಎತ್ತರಕ್ಕೆ ಬಂದು ಸಿಕ್ಕಿಕೊಂಡಿತ್ತು, ತುಕ್ಕು ಹಿಡಿದಿರಬೇಕು. ಅದನ್ನು ಕೆಳಗೆ ಎಳೆಯಲು ಸೌಟು ಹಿಡಿದ ದಪ್ಪನೆಯ ಹೆಂಗಸೊಬ್ಬರು ಅದರ ಮೇಲೆ ಜೋತುಬಿದ್ದಿದ್ದರು. ನಮ್ಮವರು ಕಾರು ನಿಲ್ಲಿಸಿ, ಬಾಗಿಲೂ ಹಾಕದೆ ಓಡಿದರು. ಹಳದಿ ಕೋಟು ಗಾಳಿಗೆ ಹಾರುತ್ತಾ ಬರುವುದನ್ನು ಕಂಡು ಸೌಟಿನ ಹೆಂಗಸು ಕೂಗು ಹಾಕಿದರು. ಕ್ಷೌರದವರು ಅರ್ಧ ಗಡ್ಡ ಬೋಳಿಸಿದ ಗಿರಾಕಿಯ ಸಮೇತ ಹೊರಬಂದರು. ಪಂಕ್ಚರಿನವರು ಒಂದು ಟೈರನ್ನು ಉರುಳಿಸಿ ನಮ್ಮ ಕಾರಿಗೆ ಅಡ್ಡ ಇಟ್ಟರು.

"ಊಟ ಕೊಡಿ, ಏನಿದ್ರೂ ಕೊಡಿ," ಎಂದರು ನಮ್ಮವರು.

"ಊಟ ಇಲ್ಲ. ನಾನು ಹೋಟೆಲ್ ನಡ್ಸೋದೇ ಬಿಟ್ಟಿದೀನಿ," ಎಂದರು ಸೌಟಿನಮ್ಮ. ಸೌಟಿನಿಂದ ಬಿಸಿ ಬೇಳೆ ತೊಟ್ಟಿಕ್ಕುತ್ತಿತ್ತು.

"ನಾನು ಅಧಿಕಾರಿ ಅಲ್ಲಮ್ಮ. ಮೀಟರು ಓದೋನು."

ಸೇರಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಿಬಿಟ್ಟೇ ಒಪ್ಪಿಕೊಂಡನಲ್ಲ. ನಮ್ಮವರು ಇನ್ನೂ ಸ್ಪಷ್ಟ ಮಾಡಲು ಹೋಗಿ, ತಾವು ಮೀಟರು ನೋಡುವುದು ಕೇಸು ಹಾಕಲು ಅಲ್ಲ, ಊಟ ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ಎಂದರು.

"ಊಟ ಹೇಗಿದೆ ಅಂತ ತಿಳಿಯೋಕೆ ಮೀಟರು ನೋಡ್ತಾರಂತೆ," ಎಂದರು ಕ್ಷೌರದವರು ಗಿರಾಕಿಗೆ. "ನಾನೂ ಇನ್ಮೇಲೆ ನಿನ್ನ ಚಪ್ಪಲಿ ನೋಡ್ಕೊಂಡು ಗಡ್ಡ ಬೋಳಿಸ್ತೀನಿ ಬಾ."

ಯಾರೂ ನಗಲಿಲ್ಲ. ಗಂಡಸರ ಮಾತು ಹೀಗೇ ಬೆಳೆದರೆ ಸೂರ್ಯ ಮುಳುಗುತ್ತಾನೆ ಎಂದು ನಾನು ಪುಟ್ಟಿಗೆ ಅಜ್ಜಿಯ ಕೈ ಹಿಡಿದುಕೊಂಡಿರಲು ಹೇಳಿ ಇಳಿದುಹೋದೆ. ನನ್ನನ್ನು ಕಂಡು ಸೌಟಿನಮ್ಮ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು. ಫೋನಿನ ಸುದ್ದಿ ಹೋಟೆಲಿನಿಂದ ಹೋಟೆಲಿಗೆ ದಾಟುತ್ತಾ ಬೆಳೆದು, ಹಳದಿ ಕೋಟಿನವನು ಬರೀ ಜವಾನ, ನಿಜವಾದ ಮೇಲಧಿಕಾರಿ ಅವನ ಜೊತೆಗಿರುವ ನಗದ ಹೆಂಗಸು ಎಂದಾಗಿತ್ತಂತೆ. ಮುದುಕಿ, ಮಗು ಎಲ್ಲ ವೇಷಕ್ಕೆ ಬಾಡಿಗೆಗೆ ತಂದದ್ದಂತೆ.

"ಅಕ್ಕಾ," ಎಂದೆ, "ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಸೂಜಿ ತಗೊಂಡು ಊಟ ಮಾಡಿಲ್ಲ. ಊಟ ಆಮೇಲಾಯ್ತು, ಮೊದಲು ಒಂದು ಹಿಡಿ ಸಕ್ಕರೆ ಕೊಡಿ."

ಸೌಟಿನಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡು ಅಂತೀಯಲ್ಲಮ್ಮ. ನಾನು ಕೊಡೋದು, ಆ ಮುದುಕಿ ಬೀಳೋದು, ನೀವು ನನ್ನ ಅಂಗಡಿಗೆ ಬೀಗ ಜಡಿಯೋದು. ನಾನೇನು ನಿನ್ನೆ ಹುಟ್ಟಿದೋಳಾ?"

ಪಂಕ್ಚರಿನವರು ಹೌದು ಹೌದು ಎಂದು ತಲೆದೂಗಿದರು. ಅವರ ಜಾಗದಲ್ಲಿ ನಿಂತು ನೋಡಿದರೆ ಆ ಮಾತಿನಲ್ಲಿ ತಪ್ಪೇ ಇರಲಿಲ್ಲ. ಕಾಯಿಲೆಯ ಲೆಕ್ಕಾಚಾರವನ್ನು ವಿವರಿಸುತ್ತಾ ನಿಲ್ಲಲು ನನಗೆ ಪುರಸೊತ್ತಿರಲಿಲ್ಲ. ಕಾರಿನಿಂದ ಪುಟ್ಟಿ, ಅಜ್ಜಿ ಕಣ್ಣು ಮುಚ್ತಿದ್ದಾರೆ ಎಂದು ಕೂಗಿದಳು.

"ಹಾಗಿದ್ರೆ ಇವರನ್ನ ಒಳಗೆ ಕೂಡಿ ಹಾಕ್ಕೊಳ್ಳಿ," ಎಂದೆ ನಮ್ಮವರನ್ನು ತೋರಿಸಿ. "ನಮ್ಮತ್ತೆಗೆ ಏನಾದ್ರೂ ಆದ್ರೆ ಇವರನ್ನ ಬಿಡಲೇಬೇಡಿ. ಸಕ್ಕರೆ ಕೊಡಿ."

ಕಟ್ಟಿಕೊಂಡ ಗಂಡನನ್ನು ಹೀಗೆ ಅಡವಿಡುವ ಹೆಂಗಸನ್ನು ಸೌಟಿನಮ್ಮ ನೋಡಿರಲಿಲ್ಲವೆಂದು ಕಾಣುತ್ತದೆ. ಅವರು ಯೋಚಿಸುತ್ತಿರುವಾಗಲೇ ನಮ್ಮವರು ಕೋಟು ಕಳಚಿ ರಸ್ತೆಗೆ ಎಸೆದು, ಹೊಟ್ಟೆಯ ಮೇಲೆ ಮಲಗಿ, ಶಟರಿನ ಸಂದಿಯಲ್ಲಿ ಸರಸರನೆ ಒಳಗೆ ತೆವಳಿದರು. ಅಷ್ಟು ಬೇಗ ಅವರು ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ಕಂಡಿಲ್ಲ. ಒಳಗಿನಿಂದ, ಬೀಗ ಹಾಕಿ, ಬೇಗ ಹಾಕಿ ಎಂದು ಅವರ ಧ್ವನಿ ಬಂತು.

ಸೌಟಿನಮ್ಮ ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗಿದರು. ಡಬ್ಬಿಯ ಸದ್ದು, ನೀರಿನ ಸದ್ದು. ಮರುಕ್ಷಣ ಸಕ್ಕರೆ ಕದಡಿದ ನೀರು ತುಂಬಿದ ಸೌಟನ್ನೇ ಹಿಡಿದು ಕಾರಿನ ಹತ್ತಿರ ಬಂದರು. ಲೋಟ ಹುಡುಕುವಷ್ಟು ಹೊತ್ತನ್ನೂ ಅವರು ಕಳೆದಿರಲಿಲ್ಲ. ಆ ಸೌಟಿನ ಅಂಚನ್ನು ನಾನು ಅತ್ತೆಯ ತುಟಿಗೆ ಹಿಡಿದೆ.

"ಅತ್ತೆ, ನುಂಗಿ. ಒಂದೇ ಗುಟುಕು. ಇನ್ನೊಂದು."

ಅರ್ಧ ಸೀರೆಗೆ ಹೋಯಿತು, ಅರ್ಧ ಗಂಟಲಿಗೆ ಇಳಿಯಿತು. ಸೌಟಿನಮ್ಮ ಮತ್ತೊಂದು ಸೌಟು ತಂದರು. ಕ್ಷೌರದವರು ತಮ್ಮ ಅಂಗಡಿಯ ರೇಡಿಯೋ ಆರಿಸಿ ಬಂದರು. ಅರ್ಧ ಗಡ್ಡದ ಗಿರಾಕಿ ಅತ್ತೆಗೆ ಗಾಳಿ ಬೀಸಲು ತನ್ನ ಕೊರಳಿನ ಟವೆಲು ಕೊಟ್ಟ. ಪಂಕ್ಚರಿನವರು ಮೆಲ್ಲನೆ ಟೈರನ್ನು ಹಿಂದಕ್ಕೆ ಉರುಳಿಸಿದರು. ಅತ್ತೆಯ ಬೆವರು ಒರೆಸುತ್ತಾ ಒರೆಸುತ್ತಾ ನಾನು ಅವರ ತುಟಿಯನ್ನೇ ನೋಡುತ್ತಿದ್ದೆ.

ತುಟಿ ಅಲುಗಿತು.

"ಎಲ್ಲೇ ಆ ಮಂಕುದಿಣ್ಣೆ?"

ನನ್ನ ಕಣ್ಣು ತುಂಬಿತು. ಪುಟ್ಟಿ ಅಜ್ಜಿಯ ಕೊರಳಿಗೆ ಜೋತುಬಿದ್ದಳು. ಒಳಗೆ ಕೂಡಿ ಹಾಕಿದ್ದಾರೆ ಅತ್ತೆ ಎಂದೆ.

"ಕೂಡಿ ಹಾಕ್ಲಿ. ನಾನು ಮಾಡ್ಬೇಕಿದ್ದ ಕೆಲಸ ಯಾರೋ ಮಾಡಿದ್ರಲ್ಲ. ಹೆತ್ತ ತಾಯಿ ಸಾಯ್ತಾ ಬಿದ್ದಿದ್ರೂ ಚಕ್ರ ತಿರುಗ್ತಾ ಇದೆಯಾ ಅಂತ ನೋಡೋನು ಅವನು. ಶಾಲೆಗೆ ಸೇರಿಸಿದ ದಿನಾನೇ ಮೇಷ್ಟ್ರು ನನ್ನ ಕರೆದು ಹೇಳಿದ್ರು..."

ಮೇಷ್ಟ್ರು ಹೇಳಿದ್ದರಿಂದ ಹಿಡಿದು ನಿನ್ನೆ ಕಾರಿನ ಕೀಲಿಯನ್ನು ಟೆಂಟಿನ ಒಳಗಿಟ್ಟು ಕಟ್ಟಿದ್ದರವರೆಗೆ ಅತ್ತೆ ಒಂದನ್ನೂ ಬಿಡದೆ ಹೇಳಿದರು. ಧ್ವನಿ ಏರುತ್ತಾ ಹೋಯಿತು, ಕೆನ್ನೆಗೆ ಬಣ್ಣ ಬರುತ್ತಾ ಹೋಯಿತು. ಸೇರಿದ್ದವರು ಮೊದಲು ಗೌರವದಿಂದ, ಆಮೇಲೆ ಆಸಕ್ತಿಯಿಂದ ಕೇಳಿದರು. ಕೊನೆಗೆ ಪಂಕ್ಚರಿನವರು ತೀರ್ಪು ಕೊಟ್ಟರು:

"ಬಿಟ್ಟುಬಿ‌ಡಿ ಅಕ್ಕ, ಇವನು ಅಧಿಕಾರಿ ಅಲ್ಲ. ಬಾಡಿಗೆಗೆ ತಂದ ಮುದುಕಿ ಇಷ್ಟು ಚೆನ್ನಾಗಿ ಬೈಯಲ್ಲ."

ಶಟರು ಎತ್ತಿದರು. ನಮ್ಮವರು ಅದರ ಬುಡದಲ್ಲೇ ನೆಲಕ್ಕೆ ಕೆನ್ನೆಯಿಟ್ಟು ಮಲಗಿದ್ದರು. ಸಂದಿಯಿಂದ ನಮ್ಮ ಕಾಲುಗಳನ್ನೇ ನೋಡುತ್ತಾ ಅಷ್ಟು ಹೊತ್ತೂ ಹಾಗೇ ಇದ್ದರೆಂದು ಕಾಣುತ್ತದೆ. ಮುಖದ ಒಂದು ಬದಿಗೆಲ್ಲ ಹಿಟ್ಟು ಮೆತ್ತಿ, ಅದರ ಮೇಲೆ ಕಣ್ಣೀರು ಇಳಿದು ಗೆರೆ ಮೂಡಿತ್ತು.

"ಅಮ್ಮ ಬೈದಳಲ್ವಾ?" ಎಂದು ನನ್ನನ್ನು ಕೇಳಿದರು.

"ಬೈದರು."

"ಪೂರ್ತಿ?"

"ಪೂರ್ತಿ ಬೈದರು. ಏಳಿ."

ಸೌಟಿನಮ್ಮ ಎಲ್ಲರಿಗೂ ಅನ್ನ, ಬೇಳೆ, ಹುರಿದ ಆಲೂಗಡ್ಡೆ ಬಡಿಸಿದರು. ಹೇಗಿತ್ತು ಎಂದು ಕೇಳಿದರೆ ನಿಜವಾಗಿ ನನಗೆ ಹೇಳಲು ಬರುವುದಿಲ್ಲ. ಉಪ್ಪು ತುಸು ಮುಂದಿತ್ತೋ ಏನೋ. ಅತ್ತೆ ಎರಡನೆಯ ಸಲ ಹಾಕಿಸಿಕೊಂಡರು, ಅಷ್ಟು ನೆನಪಿದೆ. ನಡುವೆ ಅಣ್ಣನ ಫೋನು ಬಂತು. ಅತ್ತೆಯ ಧ್ವನಿ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟ. ಐದು ನಕ್ಷತ್ರದ ಹೋಟೆಲಿನ ಹೊರಗೆ ಸಾಲಿನಲ್ಲಿ ನಿಂತೇ ಇದ್ದಾರಂತೆ, ಸರದಿ ಇನ್ನೂ ಬಂದಿಲ್ಲವಂತೆ, ಅತ್ತಿಗೆ ಮಾತು ಬಿಟ್ಟಿದ್ದಾಳಂತೆ.

ಎರಡು ದಿನ ಕೆರೆಯ ದಡದಲ್ಲಿ ಇದ್ದು ಅದೇ ಹಳೆಯ ರಸ್ತೆಯಲ್ಲಿ ಹಿಂದಿರುಗಿದೆವು. ಸೌಟಿನಮ್ಮ ರಸ್ತೆಯ ಉದ್ದಕ್ಕೂ ಫೋನು ಮಾಡಿದ್ದರು. ಹೋಗುವಾಗ ಮುಚ್ಚಿದ್ದ ಶಟರುಗಳೆಲ್ಲ ಈಗ ತೆರೆದಿದ್ದವು. ಹೋಟೆಲಿನವರು ರಸ್ತೆಗೇ ಬಂದು ನಿಂತು, ಅತ್ತೆಗೆ ಕೈಮುಗಿದು, ಆಮೇಲೆ ನಮ್ಮವರನ್ನು ತೋರಿಸಿ ಮಕ್ಕಳಿಗೆ ಏನೋ ಹೇಳಿ ನಗುತ್ತಿದ್ದರು. ನಮ್ಮವರು ಕೋಟನ್ನು ಮಡಿಸಿ ಡಿಕ್ಕಿಯ ತಳಕ್ಕೆ ಹಾಕಿದ್ದರು.

ಈರುಳ್ಳಿ ಹುರಿಯುವ ಆ ಹೋಟೆಲಿನ ಮುಂದೆ ನಿಲ್ಲಿಸಿದೆವು. ಮಾಲೀಕರು ಓಡಿಬಂದು, ಮೀಟರು ಈಗ ಕಾನೂನು ಪ್ರಕಾರ ತಿರುಗ್ತಾ ಇದೆ, ಬಂದು ನೋಡಿ ಸಾರ್ ಎಂದು ಕರೆದರು. ನಮ್ಮವರು ಆ ಕಡೆ ತಿರುಗಿಯೂ ನೋಡದೆ, ಅಮ್ಮನ ತಟ್ಟೆ ಎಷ್ಟು ಬೇಗ ಬರುತ್ತದೆ ಎಂದು ಕೇಳಿದರು. ಈಗಲೇ ಬಂತು ಎಂದರು ಮಾಲೀಕರು. ಈಗಲೇ ಎಂಬ ಮಾತಿನ ಮೇಲೆ ನಮ್ಮವರಿಗೆ ನಂಬಿಕೆ ಹೋಗಿತ್ತು. ತಾವೇ ಅಡುಗೆಮನೆಗೆ ಹೋಗಿ, ತಟ್ಟೆ ತುಂಬಿಸಿಕೊಂಡು, ದಾರಿಯುದ್ದಕ್ಕೂ ಅನ್ನ ಚೆಲ್ಲಿಕೊಂಡು ಬಂದು ಅಮ್ಮನ ಮುಂದಿಟ್ಟರು.

"ಈಗ ಚುಚ್ಕೋ ಅಮ್ಮ."

ಅತ್ತೆ ಸೂಜಿ ಕೈಯಲ್ಲಿ ಹಿಡಿದುಕೊಂಡು ತಟ್ಟೆ ನೋಡಿದರು, ಮಗನನ್ನು ನೋಡಿದರು.

"ಮೊದಲು ನೀನೊಂದು ತುತ್ತು ತಿನ್ನು. ಚೆನ್ನಾಗಿದ್ರೆ ಹೇಳು."

ಸುತ್ತ ಉಣ್ಣುತ್ತಿದ್ದವರ ಕೈ ಬಾಯಿಗೆ ಹೋಗುವುದು ನಿಂತಿತು. ಮಾಲೀಕರು ಗಲ್ಲಾಪೆಟ್ಟಿಗೆಯ ಅಂಚು ಹಿಡಿದುಕೊಂಡರು. ನಮ್ಮವರು ಒಂದು ತುತ್ತು ಕಲಸಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಬಹಳ ಹೊತ್ತು ಅಗಿದರು. ನುಂಗಿದರು.

"ಚೆನ್ನಾಗಿದೆ ಅಮ್ಮ."

ಅತ್ತೆ ಸೂಜಿ ಚುಚ್ಚಿಕೊಂಡರು.